ಮಧ್ಯಾಹ್ನದ ತಂಡದ ಜೇನುಹುಳು

ನಿರ್ಮಲಾ ಏಳು ವರ್ಷದಿಂದ ಮಕ್ಕಳ ಕಿವಿಯ ಬೆನ್ನು ಹತ್ತಿದ್ದಳು. ರೋಣದ ಬಿ.ಎಡ್. ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಏಳನೆಯ ತರಗತಿಯ ಮಕ್ಕಳು ಕೇಳಿದ್ದರಲ್ಲಿ ಎಷ್ಟು ತಿಳಿದುಕೊಳ್ಳುತ್ತಾರೆ ಎಂಬುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಆಲಿಸುವ ಕೌಶಲ, ಗ್ರಹಿಕೆ, ಹೋಲಿಕೆ, ವಿಶ್ಲೇಷಣೆ ಎಂದು ಪ್ರಬಂಧದ ಹೆಸರೇ ಎರಡು ಸಾಲು. ಕೆಲಸ ಮಾತ್ರ ಸರಳ. ಒಂದು ಪುಟ್ಟ ಸ್ಪೀಕರಿನಲ್ಲಿ ಜೇನುಹುಳುವಿನ ಬಗ್ಗೆ ನಾಲ್ಕು ನಿಮಿಷದ ಪಾಠವನ್ನು ಒಂದೇ ಸಲ ಕೇಳಿಸುವುದು, ಆಮೇಲೆ ಹತ್ತು ಪ್ರಶ್ನೆಗೆ ಉತ್ತರ ಬರೆಸುವುದು. ನಡುವೆ ಯಾರೂ ಪಿಟಕ್ ಎನ್ನಬಾರದು.

ಹನ್ನೊಂದು ಶಾಲೆ ಮುಗಿದಿದ್ದವು. ಎಲ್ಲ ಕಡೆಯೂ ಅದೇ ರಾಗ, ಅದೇ ಹಾಡು: ಹತ್ತಕ್ಕೆ ಮೂರು. ಗಜೇಂದ್ರಗಡದ ಕಡೆಗೆ ಹೋದರೂ ಮೂರು, ಇಟಗಿಯ ಕಡೆಗೆ ಹೋದರೂ ಮೂರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಅವಳು ಬಾಯಿ ಬಿಟ್ಟು ಅನ್ನಲಿಲ್ಲ. ‘ಗ್ರಹಿಕೆಯ ಮಟ್ಟ ಕಳವಳಕಾರಿಯಾಗಿದೆ’ ಎಂದು ಬರೆದಳು. ಅರ್ಥ ಒಂದೇ, ಉಡುಪು ಬೇರೆ.

ಈ ಹನ್ನೆರಡನೆಯದು ಮುಗಿದರೆ ಗಂಗಾಸ್ನಾನ. ತಿಂಗಳ ಕೊನೆಗೆ ಪ್ರಬಂಧ ಸಲ್ಲಿಸಿದರೆ ಕಾಲೇಜಿನಲ್ಲಿ ಖಾಲಿ ಇರುವ ಒಂದೇ ಒಂದು ಕಾಯಂ ಹುದ್ದೆ ಜೂನ್ ಹೊತ್ತಿಗೆ ಅವಳದು. ತಪ್ಪಿದರೆ ಅದು ಶ್ವೇತಾಳ ಪಾಲು. ಶ್ವೇತಾ ಮೊನ್ನೆ ಮೊನ್ನೆ ಸೇರಿದವಳು, ಆಗಲೇ ಹೆಸರಿನ ಹಿಂದೆ ಡಾಕ್ಟರ್ ಅಂಟಿಸಿಕೊಂಡಿದ್ದಳು. ಹನ್ನೊಂದು ವರ್ಷದಿಂದ ‘ತಾತ್ಕಾಲಿಕ’ ಎನ್ನಿಸಿಕೊಂಡಿದ್ದ ನಿರ್ಮಲಾಳಿಗೆ ಆ ಪದ ಕಂಡರೇ ಮೈ ಉರಿಯುತ್ತಿತ್ತು.

ಶಾಲೆ ಇದ್ದದ್ದು ಚಿಕ್ಕನರಗುಂದ ದಾಟಿ ಒಳಗೆ. ಹೆಡ್‌ಮಾಸ್ತರು ಗುರುಸಂಗಪ್ಪನವರು ಚಹಾ ಕೊಟ್ಟು, ಗದ್ದಲವಿಲ್ಲದ ಕೋಣೆ ಒಂದೇ ಇದೆ, ಅದರಲ್ಲಿ ಇಪ್ಪತ್ತು ಮಕ್ಕಳಷ್ಟೇ ಹಿಡಿಯುತ್ತಾರೆ ಎಂದರು. ನಲವತ್ತು ಮಕ್ಕಳನ್ನು ಎರಡು ಪಾಲು ಮಾಡಿ, ಒಂದು ತಂಡಕ್ಕೆ ಊಟಕ್ಕಿಂತ ಮೊದಲು, ಇನ್ನೊಂದಕ್ಕೆ ಊಟ ಆದಮೇಲೆ ಎಂದು ಗೊತ್ತುಮಾಡಿದರು. ಮೊದಲಿನವರು ಆಮೇಲಿನವರಿಗೆ ಹೇಳಿಬಿಟ್ಟರೆ ಎಂಬ ಅನುಮಾನ ನಿರ್ಮಲಾಳಿಗೆ ಬರದೆ ಇರಲಿಲ್ಲ. ಹತ್ತಕ್ಕೆ ಮೂರು ತಿಳಿದವರು ಹೇಳುವುದಾದರೂ ಏನನ್ನು ಎಂದು ಒಳಗೊಳಗೇ ನಕ್ಕು ಸುಮ್ಮನಾದಳು.

ಬೆಳಗಿನ ತಂಡ ಬಾಯಿ ಮೇಲೆ ಬೆರಳಿಟ್ಟುಕೊಂಡು ಕುಳಿತಿತು. ಸ್ಪೀಕರಿನೊಳಗಿನ ದನಿ, ಮಕರಂದ ಕಂಡ ಹುಳು ಗೂಡಿಗೆ ಮರಳಿ ಕುಣಿದು ಕುಣಿದು ಉಳಿದ ಹುಳುಗಳಿಗೆ ದಿಕ್ಕು ದೂರ ತಿಳಿಸುವ ಬಗೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿತು. ನಿರ್ಮಲಾ ಗಡಿಯಾರ ನೋಡಿ ಸಮಯ ಬರೆದುಕೊಂಡಳು. ಹಾಳೆಗಳನ್ನು ತಿರುವಿ ನೋಡಿದರೆ ಮತ್ತದೇ ಮೂರು. ಊಟದ ಹೊತ್ತಿಗೆ ಅಂಗಳದಲ್ಲಿ ಸಂತೆಯ ಗದ್ದಲ ಎದ್ದಾಗ ಗುರುಸಂಗಪ್ಪನವರು ಸಂಕೋಚದಿಂದ ಬೆತ್ತದ ಕಡೆ ನೋಡಿದರು. ಅವಳೇ, ಬಿಸಿಯೂಟದ ಹೊತ್ತಿನಲ್ಲಾದರೂ ಮಾತಾಡಲಿ ಬಿಡಿ ಎಂದು ದೊಡ್ಡ ಮನಸ್ಸು ಮಾಡಿದಳು.

ಮಧ್ಯಾಹ್ನದ ತಂಡವೂ ಮುಗಿಯಿತು. ರೋಣದ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಸುಮ್ಮನೆ ಕೂರುವುದೇಕೆಂದು ಹೆಡ್‌ಮಾಸ್ತರರ ಕೋಣೆಯಲ್ಲಿ ಕುಳಿತು ತಿದ್ದತೊಡಗಿದಳು. ಮೊದಲ ಹಾಳೆಗೆ ಒಂಬತ್ತು ಬಂತು. ಎರಡನೆಯದಕ್ಕೂ ಒಂಬತ್ತು. ಮೂರನೆಯದಕ್ಕೆ ಎಂಟು. ಏಳು ವರ್ಷ ಬರಗಾಲ ಕಂಡ ಜೀವ, ಖುಷಿಯಿಂದ ಕೆಂಪು ಪೆನ್ನಿನ ತುದಿಯನ್ನೇ ಕಚ್ಚಿಕೊಂಡಿತು.

ಆ ಖುಷಿ, ಮೂವರೂ ತಪ್ಪಿದ ನಾಲ್ಕನೆಯ ಪ್ರಶ್ನೆಯನ್ನು ಮತ್ತೆ ನೋಡುವವರೆಗೆ ಮಾತ್ರ. ಹುಳು ಮಕರಂದ ತಂದದ್ದು ಎಲ್ಲಿಂದ ಎಂದು ಅಲ್ಲಿ ಕೇಳಿತ್ತು. ಪಾಠದಲ್ಲಿ ಇದ್ದದ್ದು ‘ದೂರದ ಹೂದೋಟ’. ಹಾಳೆಯಲ್ಲಿ ಇದ್ದದ್ದು ‘ದ್ಯಾಮಪ್ಪನ ಸೂರ್ಯಕಾಂತಿ ಹೊಲದಿಂದ’. ಮುಂದಿನ ಹಾಳೆಯಲ್ಲೂ ದ್ಯಾಮಪ್ಪ. ಇಪ್ಪತ್ತು ಹಾಳೆಗೆ ಇಪ್ಪತ್ತು ದ್ಯಾಮಪ್ಪ. ಕಿಟಕಿಯಿಂದ ನೋಡಿದರೆ ಶಾಲೆಯ ಬೇಲಿಯಾಚೆ ಆ ಹೊಲ ಹಳದಿಯಾಗಿ ನಿಂತಿತ್ತು. ಧಾರವಾಡದಲ್ಲಿ ಧ್ವನಿಮುದ್ರಣ ಮಾಡಿದ ಪಾಠದೊಳಗೆ ಈ ದ್ಯಾಮಪ್ಪ ನುಗ್ಗಿದ್ದು ಯಾವ ದಾರಿಯಿಂದ? ಊಟದ ಹೊತ್ತಿನಲ್ಲಿ ಬೆಳಗಿನವರು ಹೇಳಿಬಿಟ್ಟಿದ್ದಾರೆ ಎಂದು ಅವಳಿಗೆ ಹೊಳೆಯಿತು.

ಕೂಡಲೇ ಮಾರ್ಗದರ್ಶಕರಾದ ಗುರುಪಾದ ಸರ್‌ಗೆ ಫೋನು ಹಚ್ಚಿದಳು. ಅವರು ಅನುಭವಸ್ಥರು, ಒಂದು ನಿಮಿಷವೂ ಯೋಚಿಸಲಿಲ್ಲ.

“ಕಾಳಿನ್ಯಾಗ ಕಲ್ಲ ಸಿಕ್ರ ಕಲ್ಲ ತಗದ ಒಗೀಬೇಕು ನಿರ್ಮಲಾ, ಚೀಲ ಒಗೀಬಾರ್ದು. ಆ ಇಪ್ಪತ್ತು ಹಾಳಿ ಬಿಟ್ಟ ಬಿಡ್ರಿ. ಉಳದದ್ದು ಬೇಕಾದಷ್ಟ ಆತು, ಲಗೂ ಮುಗಸ್ರಿ.”

ಎಷ್ಟು ಹಗುರವಾಯಿತೆಂದರೆ, ಅವಳು ಇನ್ನೊಂದು ಚಹಾ ಕುಡಿದಳು. ಆದರೂ ಯಾರು ಹೇಳಿದರೆಂದು ತಿಳಿಯುವ ಹಟ ಬಿಡಲಿಲ್ಲ. ಗುರುಸಂಗಪ್ಪನವರು ವಿಚಾರಿಸಿ ಬಂದು, ಎರಡು ಜಡೆಯ ಒಬ್ಬ ಹುಡುಗಿಯನ್ನು ಮುಂದೆ ನಿಲ್ಲಿಸಿದರು. ಹೆಸರು ಚಿನ್ನು, ಬೆಳಗಿನ ತಂಡದವಳು. ನಿರ್ಮಲಾ ಅವಳ ಹಾಳೆ ಹುಡುಕಿ ತೆಗೆದರೆ ಅದರಲ್ಲಿ ಇದ್ದದ್ದು ಎರಡು ಅಂಕ.

“ನಿನಗ ಎರಡು ಬಂದಾವ. ನಿನ್ನ ಮಾತು ಕೇಳಿದವ್ರಿಗೆ ಒಂಬತ್ತು ಹ್ಯಾಂಗ ಬಂದುವು?”

ಹುಡುಗಿ ಮೊದಲು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. ಆಮೇಲೆ ಬಾಯಿ ಬಿಟ್ಟಳು, ಬಿಟ್ಟಮೇಲೆ ನಿಲ್ಲಿಸಲಿಲ್ಲ. ಅವಳಿಗೆ ಎರಡೇ ತಿಳಿದಿದ್ದು ಖರೆ. ಕಳಕೇಶನಿಗೆ ಬೇರೆ ಮೂರು ತಿಳಿದಿದ್ದವು, ಉಮಾಳಿಗೆ ಇನ್ನೆರಡು. ಊಟದ ತಾಟು ಹಿಡಿದು ಕುಳಿತಾಗ, ನಿನಗೇನು ಕೇಳಿಸಿತು, ನನಗೇನು ಕೇಳಿಸಿತು ಎಂದು ಒಂದಕ್ಕೊಂದು ಗಂಟು ಹಾಕಿದರಂತೆ. ಹುಳು ಕುಣಿಯುವ ದಿಕ್ಕಿನ ಬಗ್ಗೆ ಜಗಳವೇ ಆಯಿತು. ಜಾವೀದ ಊಟ ಬಿಟ್ಟು ಎದ್ದು ಕುಣಿದು ತೋರಿಸಿದಮೇಲೆ ಬಗೆಹರಿಯಿತು. ಹೂದೋಟವನ್ನು ಅವರಲ್ಲಿ ಯಾರೂ ಕಂಡವರಲ್ಲ, ಅದಕ್ಕೇ ದ್ಯಾಮಪ್ಪನ ಹೊಲ ಇಟ್ಟುಕೊಂಡರು. ಅಷ್ಟು ಹೊತ್ತಿಗೆ ಉಳಿದ ಇಪ್ಪತ್ತು ಮಂದಿ ಸುತ್ತ ನೆರೆದು, ನಮಗೂ ಹೇಳಿ ಎಂದು ದುಂಬಾಲು ಬಿದ್ದರು. ಪ್ರಶ್ನೆ ಏನಿವೆಯೆಂದು ಬಾಯಿ ಬಿಡಲಿಲ್ಲ, ಬರೀ ಹುಳದ ಸುದ್ದಿ ಹೇಳಿದೆವು ಎಂದು ಚಿನ್ನು ಗಂಟಲು ಮುಟ್ಟಿ ಆಣೆ ಮಾಡಿದಳು.

ಹನಿ ಹನಿ ಕೂಡಿದರೆ ಹಳ್ಳ ಎಂದು ನಿರ್ಮಲಾ ತಾನೇ ಎಷ್ಟು ಸಲ ಮಕ್ಕಳಿಗೆ ಉಕ್ತಲೇಖನ ಬರೆಸಿದ್ದಳೋ! ಹಳ್ಳ ಕಣ್ಣೆದುರೇ ಹರಿದಾಗ ಮಾತ್ರ ಅವಳ ಕೈ ರದ್ದು ಮಾಡುವ ಪೆನ್ನು ಹುಡುಕುತ್ತಿತ್ತು. ಆ ತಂಡದ ಹಾಳೆ ಲೆಕ್ಕಕ್ಕಿಲ್ಲ, ಆದರೆ ಯಾರಿಗೂ ಶಿಕ್ಷೆ ಇಲ್ಲ, ಹೆದರಬೇಡ ಎಂದು ಚಿನ್ನುವಿಗೆ ಹೇಳಿದಳು. ಹುಡುಗಿ ಹೋಗಲಿಲ್ಲ.

“ನಂದ ಬೇಕಾದ್ರ ಹರದ ಒಗೀರಿ ಅಕ್ಕಾರ. ಅವರದ ಇರ್ಲಿ. ಅವರು ಖರೇನ ಕೇಳ್ಯಾರ್ರಿ. ನಾ ಅವರ ಮಾರಿ ನೋಡಕೋಂತನ ಹೇಳೀನಿ. ತಿಳೀದಿದ್ರ ಮಾರಿಮ್ಯಾಲ ಗೊತ್ತಾಗ್ತೈತ್ರಿ, ಅವಾಗ ಮತ್ತೊಮ್ಮಿ ಹೇಳತಿದ್ವಿ.”

ನಿರ್ಮಲಾಳಿಗೆ ನಾಚಿಕೆಯಾಯಿತು. ಹನ್ನೊಂದು ಶಾಲೆ, ನಾನೂರಕ್ಕೂ ಮಿಕ್ಕ ಮಕ್ಕಳು. ಪಾಠ ಕೇಳುವಾಗಿನ ಒಂದು ಮುಖವಾದರೂ ನೆನಪಾಗುವುದೋ ಎಂದು ಹುಡುಕಿದಳು. ಒಂದೂ ಬರಲಿಲ್ಲ. ನೆನಪಿಗೆ ಬಂದದ್ದು ಗಡಿಯಾರದ ಮುಳ್ಳು. ಕೇಳುವುದರ ಮೇಲೆ ಇನ್ನೂರು ಪುಟ ಬರೆದವಳು ಕೇಳುವವರನ್ನು ಕಣ್ಣೆತ್ತಿ ನೋಡಿರಲಿಲ್ಲ. ಈ ಎರಡು ಜಡೆಯ ಪೋರಿ ತಾಟಿನಲ್ಲಿ ಕೈಯಿಟ್ಟುಕೊಂಡೇ ಇಪ್ಪತ್ತು ಮುಖ ನೋಡಿದ್ದಳು.

ಮತ್ತೆ ಗುರುಪಾದ ಸರ್‌ಗೆ ಫೋನು ಹಚ್ಚಿದಳು. ಹಾಳೆ ಬಿಡುವುದಿಲ್ಲ, ಒಬ್ಬೊಬ್ಬರೇ ಕೇಳಿದರೆ ಏನಾಗುತ್ತದೆ, ಕೂಡಿ ಕೇಳಿದರೆ ಏನಾಗುತ್ತದೆ ಎಂದು ಎಲ್ಲ ಶಾಲೆಗೂ ಮತ್ತೊಮ್ಮೆ ಹೋಗಿ ನೋಡುತ್ತೇನೆ ಎಂದಳು. ಅದಕ್ಕೆ ಇನ್ನೊಂದು ವರ್ಷ ಬೇಕಾಗುತ್ತದೆ ಎಂದು ಅವರು ಎಚ್ಚರಿಸಿದರು. ಆಮೇಲೆ ದನಿ ತಗ್ಗಿಸಿ, ಆ ಹುದ್ದೆ ಏನಾದೀತು ಎಂದು ಕೇಳಿದರು.

“ಶ್ವೇತಾ ಚಲೋ ಹುಡುಗೀರಿ ಸರ್, ಚಲೋ ಪಾಠ ಮಾಡ್ತಾಳ,” ಎಂದಳು ನಿರ್ಮಲಾ. ಫೋನು ಇಟ್ಟಮೇಲೆ ಕಣ್ಣು ಒರೆಸಿಕೊಂಡಳು. ಗುರುಸಂಗಪ್ಪನವರು ಕಂಡೂ ಕಾಣದವರಂತೆ ಹಾಜರಿ ಪುಸ್ತಕ ತೆರೆದರು.

ಹಾಳೆಗಳ ಪ್ರತಿ ಕಟ್ಟಿನ ಮೇಲೂ ಅಂಟಿಸುವ ಚೀಟಿಯಲ್ಲಿ ‘ಮಕ್ಕಳು ಆಲಿಸಿದ್ದು: ಧ್ವನಿಮುದ್ರಣ’ ಎಂದು ಅಚ್ಚಾಗಿತ್ತು. ಮಧ್ಯಾಹ್ನದ ಕಟ್ಟಿನ ಚೀಟಿಯಲ್ಲಿ ಅವಳು ಅದರ ಮುಂದೆ ‘ಮತ್ತು ಚಿನ್ನು’ ಎಂದು ಸೇರಿಸಿದಳು. ಅಲ್ಲೇ ನಿಂತಿದ್ದ ಹುಡುಗಿ ಕತ್ತು ಚಾಚಿ ಓದಿ, ತಲೆ ಅಲ್ಲಾಡಿಸಿದಳು.

“ನಾ ಒಬ್ಬಾಕೇ ಅಲ್ರಿ. ನಾವು ಇಪ್ಪತ್ತು ಮಂದಿ ಕೂಡಿ ಹೇಳೀವಿ.”

“ಹಂಗಾರ ಹೆಸರು ಹೇಳು. ಬರ್ಕೋತೀನಿ.”

ಚೀಟಿಯಲ್ಲಿ ಜಾಗ ಸಾಲದೆ ನಿರ್ಮಲಾ ಅದನ್ನು ಮಗುಚಿ ಹಿಂದುಗಡೆ ಬರೆಯತೊಡಗಿದಳು. ಕಳಕೇಶ, ಉಮಾ, ಜಾವೀದ, ಕನಕರಾಜ, ನವಾಜ. ರಸ್ತೆಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು, ಅವಳು ಏಳಲಿಲ್ಲ. ಚಿನ್ನು ಅವಳ ಮುಖವನ್ನೇ ನೋಡುತ್ತ ನಿಧಾನವಾಗಿ ಹೇಳುತ್ತಿದ್ದಳು. ತಿಳಿಯಲಿಲ್ಲವೆಂದು ಕಂಡ ಹೆಸರನ್ನು ಇನ್ನೊಮ್ಮೆ ಹೇಳಿ, ಬರೆದು ಮುಗಿಯುವವರೆಗೆ ಕಾಯುತ್ತಿದ್ದಳು.