ಬಯೋಡೇಟಾದಲ್ಲಿ ತೀರಿಕೊಂಡ ತಾಯಿ

ಗ್ವಾಟೆಮಾಲಾ ನಗರದ ಸಂತೆಬೀದಿಯಲ್ಲಿ ಎವೇಲಿಯೋನ ಜೆರಾಕ್ಸ್ ಅಂಗಡಿ. ಒಳಗೆ ಸದಾ ಕಮಟು ಎಣ್ಣೆಯ ವಾಸನೆ. ಕರಿದ ಹಂದಿಚರ್ಮ ತಿಂದ ಬೆರಳು ನೆಕ್ಕಿಕೊಳ್ಳುತ್ತಲೇ ಅವನು ಒಟೀಲಿಯಾಳ ಬಯೋಡೇಟಾ ತಿದ್ದುತ್ತಿದ್ದ. ಔಷಧದ ಗೋದಾಮಿನಲ್ಲಿ ಕೆಲಸ ಸಿಗಬೇಕಾದರೆ ಅವಳಿರುವ ಕಮರಿಯಂಚಿನ ಬಡಾವಣೆಯ ವಿಳಾಸ ಕೂಡದು, ಅಲ್ಲಿಯವರೆಲ್ಲ ಪುಂಡರ ನೆಂಟರೆಂದೇ ಕಂಪನಿಗಳ ಎಣಿಕೆ ಎಂದ. ಸರಿ, ಒಟೀಲಿಯಾಳ ಅತ್ತೆಯ ಮಗಳು ನಿನೆಟ್‌ಳ ಮನೆಯ ವಿಳಾಸ ಬಿತ್ತು. ಆಮೇಲೆ ತಾಯಿಯ ವಿಚಾರ ಬಂತು. ಸಕ್ಕರೆ ಕಾಯಿಲೆ, ವಾರವಾರವೂ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದಳು ಒಟೀಲಿಯಾ.

"ಹಂಗಾದ್ರೆ ಸಾಯಿಸಿಬಿಡೋಣ," ಎಂದ ಎವೇಲಿಯೋ, ಹಲ್ಲಿನ ಸಂದಿ ಕೆದಕುತ್ತ. "ಕಾಯಿಲೆ ತಾಯಿ ಇರೋರನ್ನ ಯಾರು ತಗೋತಾರೆ?"

ತಾಯಿಯ ಹೆಸರಿನ ಹಿಂದೆ ದಿವಂಗತ ಎಂದು ಸೇರಿತು, ಅವಳು ದುಡ್ಡು ಎಣಿಸಿ ಕೊಟ್ಟಳು. ಕೈಗೆ ಬಂದ ಹಾಳೆಯ ಮೂಲೆಯಲ್ಲಿ ಅವನ ಬೆರಳಿನ ಜಿಡ್ಡಿತ್ತು. ದಾರಿಯುದ್ದಕ್ಕೂ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಜಿಡ್ಡು ಹೋಯಿತು, ಹೇಸಿಗೆ ಹೋಗಲಿಲ್ಲ.

ಕೆಲಸ ಕೊಡುವ ಮೊದಲು ಕಂಪನಿಯವರು ಮನೆ ನೋಡಲು ಜನ ಕಳಿಸುತ್ತಾರೆ, ಹೇಳದೆ ಕೇಳದೆ. ಅದಕ್ಕೇ ಒಟೀಲಿಯಾ ನಿನೆಟ್‌ಳ ಮನೆಗೆ ಬಂದು ಕೂತಳು. ಅಮ್ಮನಿಗೆ ವಿಳಾಸದ ಸಂಗತಿ ಹೇಳಿದ್ದಳು. ಸಾವಿನ ಸಂಗತಿ ಹೇಳಿರಲಿಲ್ಲ.

ಕಂಪನಿಯ ಹೆಂಗಸು ಶನಿವಾರ ಬಂದಳು. ಫ್ರಿಜ್ಜು ತೆರೆದು ಹಾಲು ಮೂಸಿದಳು, ಹಾಸಿಗೆಯ ಫೋಟೋ ಹೊಡೆದಳು, ಗೋಡೆಯ ಮೇಲಿದ್ದ ಮೇರಿಮಾತೆಯನ್ನೂ ಮನೆಸಾಮಾನಿನ ಜೊತೆಗೆ ಬರೆದುಕೊಂಡಳು. ಅಷ್ಟರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಕಾಂಡೆಲಾರಿಯಾ ಬಾಗಿಲಿಗೆ ಬಂದು ನಿಂತಳು. ಒಟೀಲಿಯಾಳ ಅಮ್ಮ. ಶನಿವಾರ ಶನಿವಾರ ನಿನೆಟ್‌ಳಿಗೆ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಕಡುಬು, ತಮಾಲ್, ತಂದುಕೊಡುವುದು ಅವಳ ರೂಢಿ.

ಇವರು ಯಾರು ಎಂದು ಕಂಪನಿಯವಳು ಕೇಳಿದಳು.

"ತಮಾಲ್ ಮಾರೋಳು," ಎಂದಳು ಒಟೀಲಿಯಾ.

ಕಾಂಡೆಲಾರಿಯಾ ಒಮ್ಮೆ ಮಗಳ ಮುಖ ನೋಡಿದಳು, ಒಮ್ಮೆ ಕಂಪನಿಯವಳ ಕೈಲಿದ್ದ ಫೈಲು ನೋಡಿದಳು. ಬುಟ್ಟಿ ಇಳಿಸಿ, ಬಿಸಿಬಿಸಿ ತಮಾಲೊಂದನ್ನು ಬಿಡಿಸಿ ಕೊಟ್ಟಳು. ಮುಂಗೈಗೆ ಸಾರು ಇಳಿಯುವಂತೆ ತಿನ್ನುತ್ತ ಆ ಹೆಂಗಸು ಹುಡುಗಿಯ ನಡತೆ ವಿಚಾರಿಸಿದಳು. ಚಿನ್ನದಂಥವಳು ಎಂದಳು ಕಾಂಡೆಲಾರಿಯಾ.

"ಇವಳ ತಾಯಿ ಬದುಕಿದ್ದಾಗ ನಿಮಗೆ ಗೊತ್ತಿತ್ತಾ?"

ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದ ಕೈ ಅಲ್ಲೇ ನಿಂತಿತು.

"ಗೊತ್ತಿಲ್ದೆ ಏನವ್ವಾ. ಬಾಯಿ ಜೋರು. ಆದ್ರೆ ಮಗಳು ಅಂದ್ರೆ ಪ್ರಾಣ. ದೇವರು ಅವಳಿಗೆ ನೆಮ್ಮದಿ ಕೊಡ್ಲಿ."

ಹೀಗೆಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಬದುಕಿರುವಾಗಲೇ ತನ್ನ ಆತ್ಮಕ್ಕೆ ತಾನೇ ಶಾಂತಿ ಬೇಡಿದ ಆ ಜೀವವನ್ನು ಗೋಡೆಯ ಮೇಲಿನ ಮಾತೆ ಸುಮ್ಮನೆ ನೋಡುತ್ತಿದ್ದಳು.

ಒಟೀಲಿಯಾ ಬಂದು ಅಮ್ಮನ ಪಕ್ಕ ನಿಂತಳು.

"ಇವಳೇ ನಮ್ಮಮ್ಮ," ಎಂದಳು. "ಸತ್ತಿಲ್ಲ. ಈ ಮನೇನೂ ನಂದಲ್ಲ."

ಕಂಪನಿಯವಳು ಬೆಚ್ಚಲಿಲ್ಲ. ಬೆರಳು ನೆಕ್ಕಿಕೊಂಡಳು, ಥೇಟ್ ಎವೇಲಿಯೋನ ಹಾಗೆ.

"ಇರ್ಲಿ ಬಿಡಿ, ಬರೆದಾಗಿದೆ. ಸತ್ತೋರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಅಂತ ಯಾರೂ ರಜ ಕೇಳಲ್ಲ. ಕಂಪನಿಗೂ ಅನುಕೂಲ, ನಿಮಗೂ ಅನುಕೂಲ. ಇನ್ನೊಂದು ತಮಾಲ್ ಕೊಡಿ."

ಒಟೀಲಿಯಾ ಫೈಲಿನಿಂದ ತನ್ನ ಹಾಳೆ ಎಳೆದುಕೊಂಡಳು. ಹಳೆಯ ಜಿಡ್ಡಿನ ಪಕ್ಕದಲ್ಲಿ ಈಗ ಹೊಸ ಜಿಡ್ಡು. ಅದನ್ನು ಹರಿದು ಒಲೆಗೆ ಹಾಕಿ, ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಹಚ್ಚಿ ಕೈ ತೊಳೆದಳು. ಬಂದು ಅಮ್ಮನ ಬುಟ್ಟಿಯನ್ನು ತನ್ನ ತಲೆಗೇರಿಸಿಕೊಂಡಳು.

ಕಾಂಡೆಲಾರಿಯಾ ಕಮರಿಯ ದಾರಿಯುದ್ದಕ್ಕೂ ಬೈದಳು.

"ಇನ್ನೊಂದು ಗಳಿಗೆ ನಾನು ಸತ್ತಿದ್ದಿದ್ರೆ ನಿಂಗೇನೇ ನಷ್ಟ ಆಗ್ತಿತ್ತು?"

ಒಟೀಲಿಯಾ ತಲೆಯ ಮೇಲಿನ ಬುಟ್ಟಿ ಸರಿಯಾಗಿ ಕೂರಿಸಿಕೊಂಡಳು. ತಿರುವಿನಲ್ಲಿ ಗಂಟಲು ಸರಿಮಾಡಿಕೊಂಡು, ತಮಾಲ್ ಬೇಕಾ ತಮಾಲ್ ಎಂದು ಕೂಗಿದಳು.