ಕಂಠಪೂರ್ತಿ ಪೆಟ್ರೋಲು

ಗ್ಲೆಂಡೇಲಿನಲ್ಲಿ ತೊರ್ಗೊಮನ ಗ್ಯಾರೇಜು. ಅಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತು ಹೊವ್ಸೆಪಜ್ಜ ತುಟಿಯೊಳಗೇ ದೇವರನ್ನು ನೆನೆಯುತ್ತಿದ್ದ. ಅವನ ಕಾರು ಎಮಿಷನ್ ಟೆಸ್ಟಿನಲ್ಲಿ ಒಮ್ಮೆ ಫೇಲಾಗಿತ್ತು. ಇನ್ನೊಮ್ಮೆ ಆದರೆ ಕೀಲಿ ಕಿತ್ತುಕೊಳ್ಳುತ್ತೇನೆಂದು ಮಗಳು ಶುಶಾನ್ ಹೇಳಿಬಿಟ್ಟಿದ್ದಳು. ಕೀಲಿ ಹೋದರೆ, ಪಕ್ಕದಲ್ಲೇ ಕೂತಿದ್ದ ಹೆಂಡತಿ ವಾರ್ಡುಹಿಯನ್ನು ಭಾನುವಾರ ಇಗರ್ಜಿಗೆ ಕರೆದೊಯ್ಯುವವರು ಯಾರು? ಮಂಡಿನೋವಿನಿಂದ ಅವಳು ಬಸ್ಸು ಹತ್ತಲಾರಳು.

"ಪೆಟ್ರೋಲಿನ ಆವಿ ಹೋಗೋ ದಾರೀಲಿ ಏನೋ ಕೆಟ್ಟಿದೆ ಅಜ್ಜಾ," ಎಂದು ತೊರ್ಗೊಮ್ ಕೊಳವೆಯೊಳಕ್ಕೆ ಬಿಳಿ ಹೊಗೆ ಬಿಟ್ಟ. "ತೂತಿದ್ರೆ ಹೊಗೆ ತಾನೇ ಹೊರಗೆ ಬರುತ್ತೆ."

ಧೂಪ ಏಳುವುದನ್ನು ಕಾಯುವವರಂತೆ ಮೂವರೂ ಕಾದರು. ಎಲ್ಲಿಂದಲೂ ಒಂದೆಳೆ ಹೊಗೆ ಬರಲಿಲ್ಲ.

ತೊರ್ಗೊಮ್ ಕಾರಿನಡಿಗೆ ನುಸುಳಿ, ಆವಿ ಹೀರುವ ಇದ್ದಿಲಿನ ಪೆಟ್ಟಿಗೆಯನ್ನು ಬಿಚ್ಚಿ ತಂದ. ಹಗುರವಾಗಿರಬೇಕಾದದ್ದು ಭಾರವಾಗಿತ್ತು. ಬಗ್ಗಿಸಿದರೆ ಪೆಟ್ರೋಲೇ ಸುರಿಯಿತು.

"ಅಜ್ಜಾ, ಬಂಕಲ್ಲಿ ಟ್ಯಾಂಕು ತುಂಬಿ ಪಂಪು ಕ್ಲಿಕ್ ಅಂದ್ಮೇಲೂ ಒತ್ತುತ್ತೀರಾ? ಹೆಚ್ಚಾದ ಪೆಟ್ರೋಲು ಇದಕ್ಕೇ ನುಗ್ಗೋದು."

ಅಜ್ಜ ಟೋಪಿ ಸರಿಮಾಡಿಕೊಂಡ.

"ಒತ್ತೋದೇನು ಬಂತು!" ಎಂದಳು ವಾರ್ಡುಹಿ. "ಕಾರನ್ನೇ ಅಲ್ಲಾಡಿಸಿ ತುಂಬ್ತಾರೆ, ಎಲೆಕೋಸಿನ ಉಪ್ಪಿನಕಾಯಿ ಜಾಡಿ ತುಂಬಿದ ಹಾಗೆ."

"ಇಲ್ಲಿ ಬೀದಿಗೊಂದು ಬಂಕಿದೆಯಲ್ಲ, ಯಾಕಜ್ಜಾ?"

ಅದಕ್ಕೂ ವಾರ್ಡುಹಿಯೇ ಹೇಳಿದಳು: "ನಮ್ಮ ದೇಶದಲ್ಲಿದ್ದಾಗ, ಯೆರೆವಾನಿನ ಆ ಚಳಿಗಾಲ ಮಗಾ. ಕರೆಂಟಿಲ್ಲ, ಪೆಟ್ರೋಲಿಲ್ಲ. ನನಗೆ ನೋವು ಶುರುವಾದಾಗ ಕಾರು ಅರ್ಧದಾರೀಲಿ ನಿಂತೋಯ್ತು. ಹಿಮದಲ್ಲಿ ನನ್ನನ್ನ ಹೊತ್ಕೊಂಡೇ ನಡೆದ್ರು."

"ನಮ್ಮಪ್ಪ ಈಗಲೂ ಮಂಚದ ಕೆಳಗೆ ಸೀಮೆಎಣ್ಣೆ ಡಬ್ಬ ಇಟ್ಟಿದಾರೆ," ಎಂದ ತೊರ್ಗೊಮ್ ಮೆಲ್ಲಗೆ. ಹೊಸ ಪೆಟ್ಟಿಗೆ ಜೋಡಿಸಿ ಮೇಲೆದ್ದ. "ಒಂದು ವಾರ ಓಡಿಸಿ ತನ್ನಿ, ಟೆಸ್ಟ್ ಮಾಡ್ತೀನಿ. ಆದ್ರೆ ಕ್ಲಿಕ್ ಅಂದ ತಕ್ಷಣ ನಿಲ್ಲಿಸ್ತೀನಿ ಅಂತ ಮಾತು ಕೊಡಿ."

"ಕೈ ಕೇಳಲ್ಲ ಮಗಾ." ಅಜ್ಜನ ದನಿ ಸಣ್ಣಗಾಗಿತ್ತು. "ಇವಳು ಅವತ್ತು ಎಷ್ಟು ಹೆದರಿದ್ದಳು..."

"ಹೆದರಿದ್ದು ಯಾರು? ನೀವು!" ವಾರ್ಡುಹಿ ತಿರುಗಿ ನೋಡಿದಳು. "ನನಗೇನು ಭಯ? ನಿಮ್ಮ ತೋಳಲ್ಲಿದ್ದೆನಲ್ಲ."

"ದಾರಿಯುದ್ದಕ್ಕೂ ಕಿರುಚ್ತಿದ್ದೆಯಲ್ಲೇ!"

"ಹೆರಿಗೆ ನೋವಿಗೆ ಹಾಡು ಹೇಳ್ಬೇಕಿತ್ತಾ?"

ತೊರ್ಗೊಮ್ ನಗು ತಡೆಯಲಾರದೆ ಅತ್ತ ತಿರುಗಿದ. ಅಜ್ಜ ನಗಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿಯೂ ಈ ಒಂದು ಮಾತನ್ನು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಬಹಳ ಹೊತ್ತು ಅವಳ ಮುಖವನ್ನೇ ನೋಡಿದ.

"ಮಾತು ಕೊಟ್ಟೆ ಮಗಾ," ಎಂದ ಕೊನೆಗೆ.

ಮುಂದಿನ ಶುಕ್ರವಾರ ಕಾರು ಪಾಸಾಯಿತು. ಭಾನುವಾರ ಅವರಿಬ್ಬರೂ ಇಗರ್ಜಿಗೆ ಹೊರಟಾಗ ಪೆಟ್ರೋಲಿನ ಮುಳ್ಳು ಮುಕ್ಕಾಲಿನಲ್ಲಿತ್ತು. ಅಜ್ಜ ಅದನ್ನೊಮ್ಮೆ ನೋಡಿದ, ಪಕ್ಕದಲ್ಲಿ ಕುಳಿತವಳನ್ನೊಮ್ಮೆ ನೋಡಿದ. ಬಂಕಿನತ್ತ ತಿರುಗಿಸದೆ ನೇರ ನಡೆಸಿದ.