ಹಿಂದಿನ ಸೀಟು

ಅವನು ಬಸ್ ಚಾಲಕ. ವಾರಕ್ಕೊಂದೇ ರಜೆ. ಆ ರಜೆಗಳನ್ನೆಲ್ಲ ಮೂರು ವರ್ಷದಿಂದ ಮಾವನ ಹಳೆಯ ಮೋಟಾರ್ ಸೈಕಲ್ಲೇ ನುಂಗಿತ್ತು. ಇಂಜಿನ್ನಿನ ಭಾಗಗಳು ಬಚ್ಚಲಿನ ಗೂಡಿನಲ್ಲಿ, ಟ್ಯಾಂಕು ಮಂಚದ ಕೆಳಗೆ. ಸೀಮೆಎಣ್ಣೆಯ ವಾಸನೆ ಹಾಸಿಗೆಗೂ ಹತ್ತಿತ್ತು. ಹೆಂಡತಿ ಗೊಣಗುತ್ತಲೇ ಒಂದೊಂದು ಬೋಲ್ಟನ್ನೂ ತೊಳೆದು ಒರೆಸಿ ಕೊಟ್ಟಿದ್ದಳು. ಅವಳು ಗಾಡಿ ಓಡಿಸಲು ಕಲಿತದ್ದೇ ಅಪ್ಪನ ಆ ಗಾಡಿಯ ಮೇಲೆ.

ಆ ಭಾನುವಾರ ಬೆಳಿಗ್ಗೆ, ಎಷ್ಟನೆಯದೋ ಕಿಕ್ಕಿಗೆ, ಇಂಜಿನ್ ಕೆಮ್ಮಿ ಹೊಗೆಯುಗುಳಿ ಕೊನೆಗೆ ಒಂದೇ ಸಮನೆ ಓಡತೊಡಗಿತು. ಅವನಿಗೆ ಖುಷಿಯಾಗಬೇಕಿತ್ತು. ಆದರೆ ಸೊಂಟ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ.

ಹೆಂಡತಿ ಬಟ್ಟೆ ಬದಲಿಸಿ ಬಂದಳು. "ಏಳಿ, ಒಂದು ಸುತ್ತು ಹೋಗಿ ಬರೋಣ."

"ಆರು ದಿನ ಸ್ಟೇರಿಂಗ್ ಹಿಡಿದು ಕೈ ಮರಗಟ್ಟಿದೆ ಕಣೇ. ಇವತ್ತು ಇನ್ನೇನೂ ಹಿಡಿಯೋಕಾಗಲ್ಲ."

"ಹಿಡೀಬೇಡಿ. ಹಿಂದೆ ಕೂತ್ಕೊಳ್ಳಿ, ನಾನು ಓಡಿಸ್ತೀನಿ. ಟಿಕೆಟ್ಟೇನೂ ಕೇಳಲ್ಲ."

ಅವನು ಅಳುಕುತ್ತಲೇ ಹತ್ತಿದ. ಮೊದಲ ತಿರುವಿನಲ್ಲಿ ಅವನ ಬಲಗಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತಿತು. ಎರಡನೆಯ ತಿರುವಿನ ಹೊತ್ತಿಗೆ ಸುಮ್ಮನಾಯಿತು. ದಿನವೂ ತಾನೇ ಬಸ್ಸು ಓಡಿಸುವ ಬೀದಿಯ ಮನೆಗಳಿಗೆ ಮಹಡಿಗಳಿರುವುದನ್ನು ಅವನು ಅಂದೇ ತಲೆಯೆತ್ತಿ ನೋಡಿದ್ದು. ಸೇತುವೆ ದಾಟುವಷ್ಟರಲ್ಲಿ ಕಣ್ಣು ಎಳೆಯತೊಡಗಿತು.

"ನಿದ್ದೆ ಮಾಡ್ಬೇಡಿ, ಬಿದ್ದೋಗ್ತೀರಿ."

"ಇಲ್ಲ ಕಣೇ," ಎನ್ನುತ್ತಲೇ ಅವಳ ಬೆನ್ನಿಗೆ ತಲೆಯಾನಿಸಿದ.

ಅವಳು ಮೆಲ್ಲಗೆ ಗಾಡಿಯನ್ನು ಮರದ ನೆರಳಿಗೆ ತಂದು ನಿಲ್ಲಿಸಿದಳು. ಸದ್ದು ನಿಂತರೆ ಎಚ್ಚರವಾದೀತೆಂದು ಇಂಜಿನ್ ಆರಿಸಲಿಲ್ಲ. ಎರಡೂ ಕಾಲೂರಿ, ಬೆನ್ನು ಅಲುಗಿಸದೆ ಕೂತಳು.